ವಿಸಿಟಿಂಗ್ ಕಾರ್ಡಿಗೆ ಪಕ್ಷಾತೀತ ಬಣ್ಣ ಬೇಕಾಗಿದೆ

ನಮ್ಮ ಭಾವ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಪಂಪು, ಪೈಪು, ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರ್ ಮಾರುವ ಅಂಗಡಿ ಇಟ್ಟು ಮೂರು ತಿಂಗಳಾಯಿತು. ಜಾಗ ಸಿಕ್ಕಿತು, ಲೈಸೆನ್ಸ್ ಸಿಕ್ಕಿತು, ಬ್ಯಾಂಕಿನ ಸಾಲವೂ ಸಿಕ್ಕಿತು. ಸಿಗದೇ ಹೋದದ್ದು ಒಂದೇ, ವಿಸಿಟಿಂಗ್ ಕಾರ್ಡಿಗೆ ಬಣ್ಣ.

ಮೊದಲು ಹಸಿರು ಅಂದರು. ತೋಟದ ಕಸುಬು, ಹಸಿರಲ್ಲದೆ ಮತ್ತೆಂಥದ್ದು? ಪ್ರೆಸ್ಸಿನಲ್ಲಿ ಡಿಟಿಪಿ ಮಾಡುವ ಹುಡುಗಿ ಮೂಲೆಗೊಂದು ತೆಂಗಿನ ಗರಿ ಇಟ್ಟು ಚಂದ ಮಾಡಿ ಕಳಿಸಿದಳು. ಮೊಬೈಲಿನಲ್ಲಿ ತೋರಿಸಿದ್ದೇ ತಡ, ಪಕ್ಕದ ಅಂಗಡಿಯವರು ತಗ್ಗಿದ ಸ್ವರದಲ್ಲಿ ಕೇಳಿದರು, "ಮುಸ್ಲಿಂ ಲೀಗಿಗೆ ಸೇರಿದ್ದು ಯಾವಾಗ? ಹೇಳಲೇ ಇಲ್ಲ ನೀವು."

ಸರಿ, ಕೆಂಪು ಮಾಡುವ ಅಂತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರೊಬ್ಬರು ಕಾರ್ಡ್ ನೋಡಿ ಮುಷ್ಟಿ ಎತ್ತಿ "ಲಾಲ್ ಸಲಾಂ" ಅಂದರು. ತಮಾಷೆಗೇ ಅಂದದ್ದು, ಆದರೆ ಅವರು ಹೋದದ್ದು ಬೇರೆ ಅಂಗಡಿಗೆ. ಕಾವಿಯ ಕತೆ ಕೇಳಲೇಬೇಡಿ. ಅದನ್ನು ಪ್ರಿಂಟ್ ಮಾಡುವುದಕ್ಕೆ ಮೊದಲೇ ನಮ್ಮ ಅಕ್ಕ ತಡೆದಳು. ಬಿಜೆಪಿಯ ಬಾವುಟದಲ್ಲೂ ಒಂದು ಪಟ್ಟಿ ಹಸಿರು ಉಂಟು, ಆದರೆ ವಿಸಿಟಿಂಗ್ ಕಾರ್ಡ್ ನೋಡುವ ಹೊತ್ತಿಗೆ ಅದು ಯಾರಿಗೂ ನೆನಪಾಗುವುದಿಲ್ಲ. ಕಥಕ್ಕಳಿಯಲ್ಲಿ ರಾಮನಿಗೂ ಕೃಷ್ಣನಿಗೂ ಮುಖಕ್ಕೆ ಬಳಿಯುವುದು ಹಸಿರೇ. ಅಲ್ಲಿ ಯಾರೂ ಚಕಾರ ಎತ್ತುವುದಿಲ್ಲ, ಬೆಳಗಿನ ತನಕ ಕೂತು ನೋಡಿ ಕೈಮುಗಿದು ಬರುತ್ತಾರೆ. ಪಂಪು ಮಾರುವವನಿಗೆ ಮಾತ್ರ ಆ ವಿನಾಯಿತಿ ಇಲ್ಲ.

ಆಗ ನಾನೊಂದು ಬುದ್ಧಿವಂತಿಕೆ ತೋರಿಸಿದೆ. ಭಾವನಿಗೆ ಹೇಳಿದೆ, ಹಳದಿ ಕೆಂಪು ಹಾಕುವ, ಅರಿಶಿನ ಕುಂಕುಮ, ಯಾರಿಗೂ ಬೇಸರ ಆಗುವುದಿಲ್ಲ. ಎಲ್ಲಿಂದ ಬರಬೇಕು! 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದ್ದು ಇನ್ನೂ ಮರೆಯದವರು ಊರಲ್ಲಿ ಬೇಕಾದಷ್ಟು ಇದ್ದಾರೆ. ಒಬ್ಬರು ಕಾರ್ಡನ್ನು ಕಣ್ಣಿಗೊತ್ತಿಕೊಂಡು "ಹೋರಾಟ ಮತ್ತೆ ಶುರುವಾ?" ಅಂತ ಕೇಳಿದರು. ಅದೇ ಕಾರ್ಡನ್ನು ನೋಡಿ ಚೆರ್ಕಳದ ಗಿರಾಕಿಯೊಬ್ಬರು ಮಲಯಾಳದಲ್ಲಿ ಕೇಳಿದ್ದು, ಇದೇನು, ಸರ್ಕಾರಿ ಬಸ್ಸಿನ ಪಾಸಾ ಅಂತ. ಕೇರಳದ ಸಾರಿಗೆ ಬಸ್ಸಿಗೂ ಕೆಂಪು ಹಳದಿಯೇ ಅಲ್ವಾ. ಎರಡು ರಾಜ್ಯದ ಅಭಿಮಾನ ಒಂದೇ ಡಬ್ಬದ ಪೈಂಟಿನಲ್ಲಿ ಉಂಟು ಅಂತ ನನಗೆ ಅವತ್ತೇ ಗೊತ್ತಾದದ್ದು.

ಇನ್ನು ನಿಜವಾಗಿ ಹೊಂದುವ ಬಣ್ಣ ಒಂದಿತ್ತು, ನೀಲಿ. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್, ಇದು ಬೋರ್ಡೋ ದ್ರಾವಣ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಇದನ್ನು ಬಿಟ್ಟು ಮರದಿಂದ ಇಳಿದವನನ್ನು ನೋಡಿದ್ದೀರಾ? ಅಂಗಿ ನೀಲಿ, ಮೀಸೆ ನೀಲಿ, ಉಗುರಿನ ಸಂದಿಯೂ ನೀಲಿ. ಸ್ಪ್ರೇಯರ್ ಮಾರುವವನಿಗೆ ಇದಕ್ಕಿಂತ ಒಳ್ಳೆಯ ಬಣ್ಣ ಬೇಕಾ? ಭಾವ ನೂರು ಕಾರ್ಡ್ ಮಾಡಿಸಿಯೂ ಬಿಟ್ಟರು. ಆದರೆ ತೋಟದ ಗೇಟಿನಲ್ಲಿ ನಿಂತು ನೀಲಿ ಕಾರ್ಡ್ ತೆಗೆದರೆ ಸಾಕು, ಯಜಮಾನರು ಮನೆಯಲ್ಲಿ ಇಲ್ಲ ಅಂತ ಒಳಗಿನಿಂದ ಯಜಮಾನರೇ ಹೇಳುತ್ತಿದ್ದರು. ಬ್ಯಾಂಕಿನಿಂದ ಸಾಲ ವಸೂಲಿಗೆ ಬಂದವರು ಅಂತ ಲೆಕ್ಕ.

ಇದರ ನಡುವೆ ಮಂಗಳೂರಿನಿಂದ ಬ್ರ್ಯಾಂಡಿಂಗ್ ಕಲಿತ ಹುಡುಗನೊಬ್ಬ ಬಂದ. ಅಂಗಡಿಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ಬಿಡಿಸಿ ಕೂತು, ನೀಲಿ ಅಂದರೆ ನಂಬಿಕೆ, ಕೆಂಪು ಅಂದರೆ ಉತ್ಸಾಹ, ಹಸಿರು ಅಂದರೆ ನೆಮ್ಮದಿ ಅಂತ ಶುರುಮಾಡಿದ. ಹಸಿರು ನೆಮ್ಮದಿ ಅಂದಾಗ ಭಾವ ಅವನ ಮುಖವನ್ನು ಒಂದು ನಿಮಿಷ ಸುಮ್ನೆ ನೋಡಿದರು. ಪಾಪ, ಅವನು ತಲಪಾಡಿಯ ಗಡಿ ದಾಟಿ ಈಚೆ ಕೇರಳಕ್ಕೆ ಬಂದದ್ದು ಅದೇ ಮೊದಲು.

ನಿಜ ಹೇಳಬೇಕಾದರೆ ಕಾರ್ಡಿನ ವಿಷಯದಲ್ಲಿ ಬುದ್ಧಿ ಇದ್ದದ್ದು ಆ ಡಿಟಿಪಿ ಹುಡುಗಿಗೆ ಮಾತ್ರ. ಅವಳು ಹೇಳಿದ್ದನ್ನು ಯಾರೂ ಕೇಳಲಿಲ್ಲ. "ಅಣ್ಣ, ಮೊಬೈಲಿನಲ್ಲಿ ಕಾಣುವುದು ಬೆಳಕಿನ ಬಣ್ಣ, ನಮ್ಮ ಮೆಷಿನ್ ಹಾಕುವುದು ನಾಲ್ಕು ಶಾಯಿ ಸೇರಿಸಿ. ಗಿಳಿಹಸಿರು ಅಲ್ಲಿ ಮಿಂಚುತ್ತದೆ, ಕಾಗದದ ಮೇಲೆ ಮಂಕಾಗುತ್ತದೆ. ಮೊದಲು ಒಂದು ಕಾರ್ಡ್ ಪ್ರಿಂಟ್ ತೆಗೆದು ಬಿಸಿಲಿನಲ್ಲಿ ಹಿಡಿದು ನೋಡಿ." ಮತ್ತೆ ಅವಳೇ ಹೇಳಿದ್ದು, ಇರುವ ಜಾಗವೇ ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ. ಅದರಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಬೇಕು. ಕನ್ನಡ ಬಿಟ್ಟರೆ ಒಂದು ಕಡೆಯವರಿಗೆ ಸಿಟ್ಟು, ಮಲಯಾಳ ಬಿಟ್ಟರೆ ಇನ್ನೊಂದು ಕಡೆಯವರಿಗೆ, ಇಂಗ್ಲಿಷ್ ಬಿಟ್ಟರೆ ಮಕ್ಕಳಿಗೆ. ಹೀಗಾದಾಗ ಅಕ್ಷರ ಸಣ್ಣದಾಗುತ್ತದೆ. ಸಣ್ಣ ಅಕ್ಷರವನ್ನು ಗಾಢ ಬಣ್ಣದ ಮೇಲೆ ಬಿಳಿಯಲ್ಲಿ ಬಿಟ್ಟರೆ ಸುತ್ತಲಿನ ಶಾಯಿ ಒಳಗೆ ನುಗ್ಗಿ ಒತ್ತಕ್ಷರದ ಹೊಟ್ಟೆ ಮುಚ್ಚಿ ಹೋಗುತ್ತದೆ. "ಬದಿಯಡ್ಕದ ಡ್ಕ ಎಲ್ಲಿ ಹೋಯಿತು ಅಂತ ಆಮೇಲೆ ನನ್ನ ಹತ್ರ ಕೇಳಬೇಡಿ" ಅಂದಳು. ಅವಳ ಪ್ರಕಾರ ಬಿಳಿ ಕಾಗದಕ್ಕೆ ಕಪ್ಪು ಅಕ್ಷರ, ಹೆಸರಿಗೆ ಮಾತ್ರ ಬೇರೆ ಒಂದು ಬಣ್ಣ, ಅಷ್ಟು ಸಾಕು.

ಅದನ್ನೂ ಮಾಡಿ ನೋಡಿದೆವು. ಒಳ್ಳೇ ಓದಲಿಕ್ಕೆ ಬರುತ್ತಿತ್ತು. ಮಾವ ಕನ್ನಡಕ ಏರಿಸಿ ಓದಿ, ಕಾರ್ಡನ್ನು ದೂರ ಇಟ್ಟು ಹೇಳಿದರು, "ಬೊಜ್ಜದ ಕಾಗದದ ಹಾಗೆ ಉಂಟು." ಬೊಜ್ಜ ಅಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ.

ಇದಕ್ಕೆ ಸರ್ಕಾರವೇ ಏನಾದರೂ ಮಾಡಬೇಕು ಅಂತ ನನ್ನ ಅಭಿಪ್ರಾಯ. 2022ರಲ್ಲಿ ವಡಕ್ಕಂಚೇರಿಯಲ್ಲಿ ಟೂರಿಸ್ಟ್ ಬಸ್ಸಿನ ಅಪಘಾತ ಆದ ಮೇಲೆ ಟೂರಿಸ್ಟ್ ಬಸ್ಸುಗಳೆಲ್ಲ ಬಿಳಿಯಾಗಬೇಕು ಅಂತ ಕೇರಳದಲ್ಲಿ ಬಿಗಿ ಮಾಡಲಿಲ್ವಾ? ಹಾಗೆ ಪಂಪಿನವರಿಗೆ ಇದು, ಪಾತ್ರೆಯವರಿಗೆ ಇದು, ಫೋಟೋ ಸ್ಟುಡಿಯೋದವರಿಗೆ ಇದು ಅಂತ ಬಣ್ಣ ಹಂಚಿ ಒಂದು ಆದೇಶ ಹೊರಡಿಸಿದರೆ ಮುಗಿಯಿತು. ಸರ್ವಪಕ್ಷ ಸಭೆ ಕರೆಯಲಿ. ಟೀ, ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಖರ್ಚು ಭಾವ ಕೊಡುತ್ತಾರೆ. ಚುನಾವಣೆಗೆ ತಿಂಗಳುಗಟ್ಟಲೆ ಮೊದಲೇ ಗೋಡೆಗೆ "ಬುಕ್ಡ್" ಅಂತ ಬರೆದು ಹಿಡಿದಿಡುವವರು ಈ ಪಕ್ಷದವರು, ಬಣ್ಣ ಹಂಚಿಕೊಳ್ಳುವುದು ಅವರಿಗೆ ಕಷ್ಟವಾ? ಅಲ್ಲಿಯ ತನಕ ನಮ್ಮೂರಿನಲ್ಲಿ ನೆಮ್ಮದಿಯಾಗಿ ವ್ಯಾಪಾರ ಮಾಡಬಹುದಾದದ್ದು ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣದ ಬಣ್ಣಗುರುಡಿನವರು ಮಾತ್ರ. ಅವರ ಮೇಲೆ ನನಗೆ ಈಗ ಸ್ವಲ್ಪ ಹೊಟ್ಟೆಕಿಚ್ಚು ಕೂಡ ಉಂಟು.

ಕೊನೆಗೆ ಭಾವ ಆರಿಸಿದ್ದು ಬೂದಿ ಬಣ್ಣ. ಬೂದಿ ಬಣ್ಣದ ಕಾರ್ಡಿನ ಮೇಲೆ ಇನ್ನೊಂದು ಸ್ವಲ್ಪ ಗಾಢ ಬೂದಿ ಬಣ್ಣದ ಅಕ್ಷರ. ಕಪ್ಪು ಹಾಕಿದರೆ ಪುನಃ ಬೊಜ್ಜ ಆಗುತ್ತದಲ್ಲ. ಸಾವಿರ ಕಾರ್ಡ್, ಮೇಲಿನಿಂದ ಮ್ಯಾಟ್ ಲ್ಯಾಮಿನೇಷನ್. ಯಾವ ಪಕ್ಷದವರಿಗೂ ಬೇಸರ ಇಲ್ಲ, ಯಾಕೆಂದರೆ ಯಾವ ಪಕ್ಷದವರಿಗೂ ಓದಲಿಕ್ಕೆ ಬರುವುದಿಲ್ಲ. ಗಿರಾಕಿಗಳು ಕಾರ್ಡನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು, ಇದು ಮೂರಾ ಎಂಟಾ ಅಂತ ಕೇಳುತ್ತಾರೆ. ಅದಕ್ಕೆ ಭಾವ ಈಗ ಒಂದು ದಾರಿ ಕಂಡುಕೊಂಡಿದ್ದಾರೆ. ಕಾರ್ಡ್ ಕೊಡುವಾಗ ಹಿಂದುಗಡೆ ಪೆನ್ನಿನಲ್ಲಿ ಫೋನ್ ನಂಬರ್ ಬರೆದೇ ಕೊಡುವುದು.

ಮೊನ್ನೆ ಪೆರ್ಲದ ಕಡೆಯವರೊಬ್ಬರು ಪೈಪಿನ ರೇಟ್ ಕೇಳಲಿಕ್ಕೆ ಬಂದಿದ್ದರು. ಕಿಸೆಯ ಪೆನ್ನು ಸಿಗದೆ ಭಾವ ಲೆಕ್ಕ ಟಿಕ್ ಮಾಡಲಿಕ್ಕೆ ಇಟ್ಟುಕೊಂಡ ಪೆನ್ನು ತೆಗೆದು ನಂಬರ್ ಬರೆದು ಕೊಟ್ಟರು. ಅವರು ಕಾರ್ಡ್ ತಿರುಗಿಸಿ ನೋಡಿದರು, ಭಾವನ ಮುಖ ನೋಡಿದರು, ನಕ್ಕರು.

"ಕೆಂಪು ಶಾಯಿ," ಅಂದರು. "ಅಂತೂ ಗೊತ್ತಾಯಿತು ಬಿಡಿ."