ನಮ್ಮ ತಂಡ ಸೋಲಲೆಂದು ಹೊತ್ತ ಹರಕೆ

ಮೈದಾನ ಸ್ವಂತದ್ದು, ಮೈಮೇಲಿನ ಬಿಳಿ ಅಂಗಿ ಸ್ವಂತ ತಂಡದ್ದು, ಟಿಕೆಟಿಗೆ ಸುರಿದ ಹಣ ಸ್ವಂತ ಜೇಬಿನದು. ಎದುರಾಳಿ ಗೋಲು ಹೊಡೆದಾಗ ಎದ್ದ ಹರ್ಷೋದ್ಗಾರವೂ ಸ್ವಂತದ್ದೇ. 2024ರ ಮೇ 14ರ ರಾತ್ರಿ ಉತ್ತರ ಲಂಡನ್ನಿನ ಫುಟ್‌ಬಾಲ್ ಕ್ಲಬ್ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್‌ನ ಕ್ರೀಡಾಂಗಣದಲ್ಲಿ ಕಂಡ ದೃಶ್ಯವಿದು. 51ನೇ ನಿಮಿಷದಲ್ಲಿ ಮ್ಯಾಂಚೆಸ್ಟರ್ ಸಿಟಿಯ ಅರ್ಲಿಂಗ್ ಹಾಲಂಡ್ ಚೆಂಡನ್ನು ಬಲೆಗೆ ತಳ್ಳಿದಾಗ, ತಲೆಯ ಮೇಲೆ ಕೈ ಹೊತ್ತು ಕೂರಬೇಕಿದ್ದ ಆತಿಥೇಯರ ಗ್ಯಾಲರಿಯಿಂದ ‘ಆರ್ಸೆನಲ್, ನೋಡುತ್ತಿದ್ದೀಯಾ?’ ಎಂಬ ಹಾಡು ಹೊರಟಿತು. ಕೆಲವರಂತೂ ಹೆಗಲ ಮೇಲೆ ಹೆಗಲು ಹಾಕಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ ಕುಣಿದರು. ಅದು ಸಿಟಿಯ ಅಭಿಮಾನಿಗಳು ಪೋಲೆಂಡಿನ ಪೊಜ್ನಾನ್ ಊರಿನ ಕ್ಲಬ್ಬಿನವರಿಂದ ಕಲಿತ ಕುಣಿತ. ಆ ರಾತ್ರಿಯ ಮನಃಸ್ಥಿತಿಗೆ ಅದಕ್ಕಿಂತ ಪ್ರಾಮಾಣಿಕವಾದ ಭಂಗಿ ಬೇರೆ ಸಿಗುತ್ತಿರಲಿಲ್ಲ.

ಲೆಕ್ಕ ಸರಳವಾಗಿತ್ತು. ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿನ ಪಟ್ಟಿಯಲ್ಲಿ ನೆರೆಯ ಕ್ಲಬ್ ಆರ್ಸೆನಲ್ 86 ಅಂಕಗಳೊಂದಿಗೆ ಮೇಲಿತ್ತು, ಸಿಟಿ ಒಂದು ಪಂದ್ಯ ಕಡಿಮೆ ಆಡಿ 85ರಲ್ಲಿತ್ತು. ಟಾಟೆನ್‌ಹ್ಯಾಮ್ ಏನಾದರೂ ಸಿಟಿಯನ್ನು ಸೋಲಿಸಿಬಿಟ್ಟರೆ, 2004ರಿಂದ ಪ್ರಶಸ್ತಿಗೆ ಬಾಯಿ ಬಿಟ್ಟುಕೊಂಡಿದ್ದ ಆರ್ಸೆನಲ್‌ಗೆ ಅದು ಕೈಗೆಟುಕುತ್ತಿತ್ತು. 2004ರ ಆ ಪ್ರಶಸ್ತಿ ಖಚಿತವಾದದ್ದು ಎಲ್ಲಿ ಅಂದುಕೊಂಡಿರಿ? ಟಾಟೆನ್‌ಹ್ಯಾಮ್‌ನ ಹಳೆಯ ಅಂಗಳ ವೈಟ್ ಹಾರ್ಟ್ ಲೇನ್‌ನಲ್ಲಿ. 1971ರದ್ದೂ ಅಲ್ಲಿಯೇ. ಇನ್ನು ಟಾಟೆನ್‌ಹ್ಯಾಮ್ ಕೊನೆಯ ಬಾರಿ ಲೀಗ್ ಗೆದ್ದದ್ದು 1961ರಲ್ಲಿ. ಪಕ್ಕದ ಮನೆಯವರು ಎರಡು ಬಾರಿ ನಮ್ಮ ಅಂಗಳದಲ್ಲೇ ಮದುವೆ ಮಾಡಿಕೊಂಡು ಹೋದರೆ, ಮೂರನೆಯ ಬಾರಿ ಚಪ್ಪರಕ್ಕೆ ಕಂಬ ಒದಗಿಸುವ ಮನಸ್ಸು ಯಾರಿಗೆ ಬಂದೀತು?

ಅತ್ತ ಆರ್ಸೆನಲ್ ಪಾಳಯದಲ್ಲೂ ವೇಷ ಬದಲಾಗಿತ್ತು. ಎರಡು ದಿನ ಮೊದಲು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಮಣಿಸಿದ ಬೆನ್ನಲ್ಲೇ ಅದರ ಆಟಗಾರ ಕೈ ಹಾವರ್ಟ್ಸ್, ಮಂಗಳವಾರ ತನಗಿಂತ ದೊಡ್ಡ ಟಾಟೆನ್‌ಹ್ಯಾಮ್ ಅಭಿಮಾನಿ ಇರುವುದಿಲ್ಲ ಎಂದು ಸಾರಿದ್ದ. ಹೀಗೆ ಒಂದು ರಾತ್ರಿಯ ಮಟ್ಟಿಗೆ ಆರ್ಸೆನಲ್‌ನವರು ಟಾಟೆನ್‌ಹ್ಯಾಮ್ ಗೆಲ್ಲಲೆಂದೂ ಟಾಟೆನ್‌ಹ್ಯಾಮ್‌ನವರು ಟಾಟೆನ್‌ಹ್ಯಾಮ್ ಸೋಲಲೆಂದೂ ಪ್ರಾರ್ಥಿಸಿದರು. ದೇವರ ಕಚೇರಿಯಲ್ಲಿ ಅಂದು ಕಡತಗಳು ಅದಲುಬದಲಾಗದೇ ಉಳಿದದ್ದೇ ಆಶ್ಚರ್ಯ.

ಈ ಹಗೆಗೆ ನೂರು ವರ್ಷ ದಾಟಿದೆ. ಆರ್ಸೆನಲ್ ಮೂಲತಃ ಥೇಮ್ಸ್ ನದಿಯ ದಕ್ಷಿಣಕ್ಕಿರುವ ವುಲಿಚ್ ಕಡೆಯದು. 1913ರಲ್ಲಿ ನದಿ ದಾಟಿ ಟಾಟೆನ್‌ಹ್ಯಾಮ್‌ನ ಮಗ್ಗುಲಿಗೆ ಬಂದು ಬಿಡಾರ ಹೂಡಿತು. 1919ರಲ್ಲಿ ಮೊದಲ ದರ್ಜೆಯನ್ನು ವಿಸ್ತರಿಸಿದಾಗ ಟಾಟೆನ್‌ಹ್ಯಾಮ್ ಕೆಳಗಿಳಿಯಿತು, ಎರಡನೇ ದರ್ಜೆಯಲ್ಲಿ ಅಗ್ರಸ್ಥಾನದ ಹತ್ತಿರವೂ ಇರದಿದ್ದ ಆರ್ಸೆನಲ್ ಮತದಾನದ ಬಲದಿಂದ ಮೇಲೇರಿತು. ಅಂದಿನಿಂದ ಅದು ಕೆಳಗಿಳಿದಿಲ್ಲ. ಆ ಸುದ್ದಿ ಕೇಳಿ ಟಾಟೆನ್‌ಹ್ಯಾಮ್ ಕ್ಲಬ್ಬಿನ ಸಾಕುಗಿಳಿ ಪ್ರಾಣ ಬಿಟ್ಟಿತೆಂಬ ದಂತಕಥೆಯೂ ಇದೆ. ಗಿಳಿ ಪುಣ್ಯವಂತ ಪಕ್ಷಿ, 2024 ನೋಡಲಿಲ್ಲ.

ಭಾರತದಲ್ಲಿ ಆ ಪಂದ್ಯ ಶುರುವಾದಾಗ ರಾತ್ರಿ ಹನ್ನೆರಡೂವರೆ. ಥೇಮ್ಸ್ ನದಿಯನ್ನು ಕಣ್ಣಿಂದ ಕಾಣದ ಬೆಂಗಳೂರಿನ ಟಾಟೆನ್‌ಹ್ಯಾಮ್ ಭಕ್ತರು ಕೂಡ ಎಚ್ಚರವಿದ್ದರು. ನನ್ನ ಪರಿಚಯದ ಅಂಥ ಒಬ್ಬ ಮಹನೀಯರು ಇಡೀ ವರ್ಷ ಮ್ಯಾಂಚೆಸ್ಟರ್ ಸಿಟಿಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದರು. ಅಬುಧಾಬಿಯ ಎಣ್ಣೆ ಹಣದಿಂದ ಕೊಂಡ ಕಪ್ಪುಗಳು, ಪ್ರೀಮಿಯರ್ ಲೀಗೇ ಹೊರಿಸಿದ ನೂರಕ್ಕೂ ಹೆಚ್ಚು ಆರೋಪಗಳು, ಫುಟ್‌ಬಾಲಿನ ಆತ್ಮದ ಮಾರಾಟ ಎಂದೆಲ್ಲ ಭಾಷಣ ಬಿಗಿಯುತ್ತಿದ್ದವರು ಅವರೇ. ಮೇ ತಿಂಗಳು ಹತ್ತಿರವಾದಂತೆ ಅವರಲ್ಲಿ ನ್ಯಾಯಶಾಸ್ತ್ರಜ್ಞನೊಬ್ಬ ಹುಟ್ಟಿಕೊಂಡ. ಆರೋಪ ಸಾಬೀತಾಗುವವರೆಗೆ ಯಾರನ್ನೂ ಅಪರಾಧಿ ಎನ್ನಬಾರದಂತೆ. ಸಿಟಿ ಎಲ್ಲವನ್ನೂ ನಿರಾಕರಿಸಿದೆಯಲ್ಲ? ಹಣವಂತೂ ಎಲ್ಲರ ಬಳಿಯೂ ಇರುತ್ತದಂತೆ, ಖರ್ಚು ಮಾಡಲು ರುಚಿ ಬೇಕಂತೆ. ಸಿಟಿಯ ತರಬೇತುದಾರ ಗಾರ್ಡಿಯೋಲಾ ಆಡಿಸುವುದು ಆಟವಲ್ಲ, ಸಂಗೀತವಂತೆ. ಹಾಲಂಡ್ ಹುಟ್ಟಿದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲೇ ಆದ್ದರಿಂದ ಅವನನ್ನು ಹೊರಗಿನವನೆನ್ನುವುದು ಸಂಕುಚಿತ ಬುದ್ಧಿಯಂತೆ! ‘ನಾಲ್ಕು ವರ್ಷ ಸತತ ಲೀಗ್ ಗೆದ್ದವರು ಇಂಗ್ಲೆಂಡಿನ ಚರಿತ್ರೆಯಲ್ಲೇ ಇಲ್ಲ. ಚರಿತ್ರೆಗೆ ಅಡ್ಡ ಬರಲು ನಾವು ಯಾರು?’ ಎಂದು ಅವರು ಕೇಳಿದ ವಿನಯಕ್ಕೆ ನಾನು ಮಾರುಹೋದೆ.

ಇಂಥವರ ನೆಮ್ಮದಿ ಕೆಡಿಸುವ ಒಂದು ಕ್ಷಣ ಬಂದೇಬಂತು. 86ನೇ ನಿಮಿಷ, ಸಿಟಿ ಇನ್ನೂ ಒಂದೇ ಗೋಲಿನ ಮುನ್ನಡೆಯಲ್ಲಿ. ಟಾಟೆನ್‌ಹ್ಯಾಮ್ ನಾಯಕ ಸನ್ ಹ್ಯುಂಗ್-ಮಿನ್ ಒಬ್ಬನೇ ಚೆಂಡಿನೊಂದಿಗೆ ನುಗ್ಗಿದ. ಎದುರಿಗೆ ಇದ್ದದ್ದು ಗಾಯಗೊಂಡ ಎಡರ್ಸನ್ ಬದಲಿಗೆ ಇಳಿದಿದ್ದ ಗೋಲ್‌ಕೀಪರ್ ಸ್ಟೆಫಾನ್ ಒರ್ಟೆಗಾ ಮಾತ್ರ. ಅಂಚಿನಲ್ಲಿ ಗಾರ್ಡಿಯೋಲಾ ನಿಂತಲ್ಲೇ ಕುಸಿದು ನೆಲಕ್ಕೊರಗಿದ. ವರ್ಷಗಟ್ಟಲೆ ಸನ್‌ನ ಹೆಸರು ಕೂಗಿ ಗಂಟಲು ಹರಿದುಕೊಂಡವನು ಆ ಕ್ಷಣದಲ್ಲಿ ಯಾರಿಗೆ ಹರಕೆ ಹೊರಬೇಕು? ಒರ್ಟೆಗಾನ ಕಾಲು ಅಡ್ಡ ಬಂತು. ಐದಾರು ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿ ಹಾಲಂಡ್ ಎರಡನೆಯದನ್ನೂ ಹೊಡೆದ. ಅಲ್ಲಿಯವರೆಗೆ ಆ ಹೊಸ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯವೊಂದರಲ್ಲಿ ಒಂದು ಗೋಲನ್ನೂ ಹೊಡೆಯಲಾಗದಿದ್ದ ಸಿಟಿಗೆ, ಬೇಕಾದ ರಾತ್ರಿಯಲ್ಲೇ ಬಾಗಿಲು ತೆರೆಯಿತು.

ಈಗ ಆ ಹರಕೆಯ ಬೆಲೆ ನೋಡಿ. ಋತು ಮುಗಿದಾಗ ನಾಲ್ಕನೇ ಸ್ಥಾನದ ಆಸ್ಟನ್ ವಿಲ್ಲಾ 68, ಐದನೆಯ ಟಾಟೆನ್‌ಹ್ಯಾಮ್ 66. ಆ ರಾತ್ರಿ ಗೆದ್ದು, ಉಳಿದದ್ದೆಲ್ಲ ನಡೆದಂತೆಯೇ ನಡೆದಿದ್ದರೆ 69 ಅಂಕ, ನಾಲ್ಕನೇ ಸ್ಥಾನ, ಅದರಿಂದ ಯುರೋಪಿನ ಅಗ್ರ ಕ್ಲಬ್ಬುಗಳ ಚಾಂಪಿಯನ್ಸ್ ಲೀಗಿನ ಪ್ರವೇಶ, ಅದರ ಹಿಂದೆ ಕೋಟಿಗಟ್ಟಲೆ ಪೌಂಡು. ಜೊತೆಗೆ ಆರ್ಸೆನಲ್ 89, ಸಿಟಿ 88, ಅಂದರೆ ಪ್ರಶಸ್ತಿ ಆರ್ಸೆನಲ್‌ಗೆ. ಮೂಗು ಕೊಯ್ದುಕೊಂಡು ಅಪಶಕುನ ಮಾಡುವುದೆಂದರೆ ಇದೇ. ಇಲ್ಲಿ ಮೂಗು ಕೊಯ್ಯುವ ಕತ್ತಿಗೂ ದುಡ್ಡು ಕೊಟ್ಟಿದ್ದರು ಎನ್ನುವುದಷ್ಟೇ ವಿಶೇಷ. ಆ ಪಂದ್ಯಕ್ಕೆ ಎರಡು ತಿಂಗಳ ಮೊದಲು ಋತುವಿನ ಟಿಕೆಟ್ ದರವನ್ನು ಶೇಕಡಾ 6ರಷ್ಟು ಏರಿಸಿದ್ದಕ್ಕೆ ಪ್ರತಿಭಟಿಸಿದ್ದು ಇದೇ ಅಭಿಮಾನಿವರ್ಗ. ಸೋಲಿಗಾದರೆ ಯಾವ ದರವೂ ದುಬಾರಿಯಲ್ಲ.

ನಾವೇನೂ ಸಾಚಾಗಳಲ್ಲ. 2022ರ ಮೇ 21ರಂದು ಮುಂಬೈ ಇಂಡಿಯನ್ಸ್ ತಂಡ ಡೆಲ್ಲಿಯನ್ನು ಸೋಲಿಸಿದರೆ ಮಾತ್ರ ಆರ್‌ಸಿಬಿಗೆ ಮುಂದಿನ ದಾರಿ ತೆರೆಯುತ್ತಿತ್ತು. ಅಂದು ಆರ್‌ಸಿಬಿಯ ಲಾಂಛನವೇ ನೀಲಿ ಬಣ್ಣ ಬಳಿದುಕೊಂಡಿತು. ಟಿಮ್ ಡೇವಿಡ್ ಮೊದಲ ಎಸೆತದಲ್ಲೇ ಬ್ಯಾಟು ತಗುಲಿಸಿಯೂ ಉಳಿದುಕೊಂಡು 11 ಎಸೆತಗಳಲ್ಲಿ 34 ಚಚ್ಚಿದಾಗ, ಮುಂಬೈ ಎಂದರೆ ಉರಿದು ಬೀಳುತ್ತಿದ್ದ ಬೆಂಗಳೂರಿನ ಮನೆಗಳಲ್ಲಿ ಅವನಿಗೆ ದೃಷ್ಟಿ ತೆಗೆಯುವುದೊಂದು ಬಾಕಿ. ಆದರೆ ಅದು ಶುದ್ಧ ಸ್ವಾರ್ಥ, ಅರ್ಥವಾಗುವಂಥದ್ದು. ನಮ್ಮವರು ಉಳಿಯಲೆಂದು ವೈರಿಗೆ ಜೈ ಎನ್ನುವುದು ವ್ಯಾಪಾರ. ನಮ್ಮವರು ಮುಳುಗಲೆಂದು ಜೈ ಎನ್ನುವುದಕ್ಕೆ ತಪಸ್ಸು ಬೇಕು. ರೋಮ್‌ನಲ್ಲಿ ಲಾಜಿಯೋ ಅಭಿಮಾನಿಗಳು 2010ರಲ್ಲೇ ಆ ಸಿದ್ಧಿ ಪಡೆದಿದ್ದರು. ಪ್ರಶಸ್ತಿ ನೆರೆಯ ರೋಮಾ ಪಾಲಾಗಬಾರದೆಂದು ತಮ್ಮದೇ ಗೋಲ್‌ಕೀಪರ್ ಮುಸ್ಲೇರಾ ಚೆಂಡು ತಡೆದಾಗ ಛೀಮಾರಿ ಹಾಕಿದರು, ಎದುರಾಳಿ ಇಂಟರ್ ಗೋಲು ಹೊಡೆದಾಗ ‘ಅಯ್ಯೋ, ಛೇ’ ಎನ್ನುವ ಬ್ಯಾನರ್ ಬಿಚ್ಚಿದರು. ವ್ಯಂಗ್ಯವನ್ನೂ ಮನೆಯಲ್ಲೇ ಬರೆದುಕೊಂಡು ಬಂದಿದ್ದರು ಪುಣ್ಯಾತ್ಮರು.

ಈ ಅಧ್ಯಾತ್ಮ ಅರ್ಥವಾಗದವನು ಒಬ್ಬನಿದ್ದ, ಟಾಟೆನ್‌ಹ್ಯಾಮ್ ತರಬೇತುದಾರ ಆಂಜ್ ಪೋಸ್ಟೆಕೊಗ್ಲು. ಸ್ವಂತ ತಂಡ ಸೋಲಬೇಕೆನ್ನುವುದು ತನಗೆ ಎಂದೂ ಅರ್ಥವಾಗದು ಎಂದು ಪಂದ್ಯಕ್ಕೆ ಮೊದಲೇ ಹೇಳಿದ್ದ. ಪಂದ್ಯದ ನಡುವೆ ಬೆಂಚಿನ ಹಿಂದಿದ್ದ ಅಭಿಮಾನಿಯೊಬ್ಬನೊಡನೆ ಜಟಾಪಟಿಗಿಳಿದ, ಮುಗಿದ ಮೇಲೆ ಕ್ಲಬ್ಬಿನ ಅಡಿಪಾಯವೇ ದುರ್ಬಲವೆಂದ. ಪಾಪ, ಆರು ತಿಂಗಳ ನಂತರ ಅದೇ ತಂಡವನ್ನು ಸಿಟಿಯ ಮೈದಾನಕ್ಕೆ ಕರೆದೊಯ್ದು 4–0ಯಿಂದ ಗೆದ್ದ. ಯಾರಿಗೂ ಯಾವ ಹೊಟ್ಟೆಕಿಚ್ಚಿನ ಅಡ್ಡಿಯೂ ಇಲ್ಲದಿದ್ದಾಗ ಗೆಲ್ಲುವುದು ಎಷ್ಟು ಸುಲಭ!

ಚಾಂಪಿಯನ್ಸ್ ಲೀಗ್ ತಪ್ಪಿದ್ದರಿಂದ ಅದರ ಕೆಳದರ್ಜೆಯ ಯುರೋಪಾ ಲೀಗ್ ಆಡಬೇಕಾಯಿತಲ್ಲ, 2025ರ ಮೇ 21ರಂದು ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–0 ಗೆದ್ದು 17 ವರ್ಷಗಳ ನಂತರ ಟಾಟೆನ್‌ಹ್ಯಾಮ್ ಒಂದು ಕಪ್ ಎತ್ತಿತು. ಹದಿನಾರು ದಿನಗಳ ನಂತರ ಆ ಕಪ್ ಗೆಲ್ಲಿಸಿದವನನ್ನು ಕೆಲಸದಿಂದ ತೆಗೆದರು. ನನ್ನ ಪರಿಚಯದ ಮಹನೀಯರು ಮಾತ್ರ ಕಪ್ಪಿನ ಸಂಪೂರ್ಣ ಶ್ರೇಯಸ್ಸನ್ನು ತಮ್ಮ ಹರಕೆಗೇ ಬರೆದುಕೊಂಡಿದ್ದಾರೆ: ಆ ರಾತ್ರಿ ನಮ್ಮ ತಂಡವನ್ನು ನಾವೇ ಸೋಲಿಸದಿದ್ದರೆ ಬಿಲ್ಬಾವೊ ಎಲ್ಲಿ ಬರುತ್ತಿತ್ತು? ಬಿಲ್ಬಾವೊ ವರ್ಷದಲ್ಲೇ ತಂಡ ಲೀಗಿನಲ್ಲಿ 22 ಪಂದ್ಯ ಸೋತು 17ನೇ ಸ್ಥಾನಕ್ಕೆ ಜಾರಿತ್ತು. ಅದರಲ್ಲಿ ಆರ್ಸೆನಲ್ ವಿರುದ್ಧ ಸೋತ ಎರಡರ ಬಗ್ಗೆ ಅವರು ಮಾತನಾಡಲು ಒಪ್ಪುವುದಿಲ್ಲ. ಉಳಿದ ಇಪ್ಪತ್ತು ಯಾರ ಹಿತಕ್ಕಾಗಿ ಎಂಬ ಸಂಶೋಧನೆ ನಡೆದಿದೆ. ಕಾರಣ ಸಿಕ್ಕೇ ಸಿಗುತ್ತದೆ ಎಂದು ಅವರು ಭರವಸೆ ಕೊಟ್ಟಿದ್ದಾರೆ.