1976ರ ಆ ಪ್ರಬಂಧಕ್ಕೆ ಇನ್ನೂ ನಾಲ್ಕು ಸಾಲು ಬೇಕಿತ್ತು

ಅರ್ಥಶಾಸ್ತ್ರಜ್ಞ ರೂಡಿ ಡಾರ್ನ್‌ಬುಷ್ ಅವರ ಬದುಕಿನ ಬಗ್ಗೆ ನೀವು ಬರೆದ ಲೇಖನ ಓದಿ ಖುಷಿಯಾಯಿತು. ಆದರೆ ಕರೆನ್ಸಿ ದರಗಳ ಏರಿಳಿತದ ಬಗ್ಗೆ ಅವರು ಬರೆದ 1976ರ ಪ್ರಬಂಧವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಅವರ ದೊಡ್ಡ ಕೆಲಸ ಅದೇ ಅಲ್ವಾ?

ಒಂದು ದೇಶದ ಕರೆನ್ಸಿಗೆ ಇನ್ನೊಂದರ ಎದುರು ಬೆಲೆ ನಿಗದಿ ಮಾಡಿಡುವ ಸ್ಥಿರ ವಿನಿಮಯ ದರಗಳ ಕಾಲ 1973ರಲ್ಲಿ ಮುಗಿದಿತ್ತು. ಕರೆನ್ಸಿಗಳು ಯಾಕೆ ಇಷ್ಟು ಜಾಸ್ತಿ ಏರಿಳಿಯುತ್ತವೆ ಎಂಬ ಗೊಂದಲ. ಮಾರುಕಟ್ಟೆಗೆ ತಲೆ ಕೆಟ್ಟಿದೆ ಎಂದು ಸುಮ್ನೆ ಹೇಳಿಬಿಡಬಹುದಿತ್ತು. ಡಾರ್ನ್‌ಬುಷ್ ಹಾಗೆ ಮಾಡಲಿಲ್ಲ. ಅವರು ವಿವರಿಸಿದ್ದು ಹೀಗೆ: ಸಾಮಾನಿನ ಮೇಲೆ ಅಂಟಿಸಿದ ಬೆಲೆ ಚೀಟಿ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಕರೆನ್ಸಿ ದರ ಮಾತ್ರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕೇಂದ್ರ ಬ್ಯಾಂಕ್ ಹಣದ ಹರಿವು ಹೆಚ್ಚಿಸಿದರೆ ಮೊದಲು ಬಡ್ಡಿ ಇಳಿಯುತ್ತದೆ. ಕಡಿಮೆ ಬಡ್ಡಿಗೂ ಜನ ಆ ಕರೆನ್ಸಿ ಇಟ್ಟುಕೊಳ್ಳಬೇಕಾದರೆ, ಮುಂದೆ ಅದರ ಬೆಲೆ ಏರುತ್ತದೆ ಎಂಬ ನಂಬಿಕೆ ಬೇಕು. ಏರಬೇಕಾದರೆ, ಮೊದಲೇ ಅದು ಕೊನೆಗೆ ನಿಲ್ಲುವ ಮಟ್ಟಕ್ಕಿಂತಲೂ ಕೆಳಗೆ ಬಿದ್ದಿರಬೇಕು! ಇದು ಅರ್ಥವಾದ ದಿನ ನನಗೆ ನಿದ್ದೆಯೇ ಬರಲಿಲ್ಲ.

ನಿಜವಾದ ದರಗಳು ಎಲ್ಲ ಸಲ ಹೀಗೇ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೂ ಯೋಚಿಸುವ ದಾರಿ ಅಲ್ಲಿಂದ ಬದಲಾಯಿತು.

ಅವರ ಪಾಠದ ಬಗ್ಗೆಯೂ ಬರೆಯಿರಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅವರ ಬಳಿ ಕಲಿತ ರೋಗಾಫ್, ಒಬ್‌ಸ್ಟ್‌ಫೆಲ್ಡ್ ಇಬ್ಬರೂ ಮುಂದೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯ ಅರ್ಥಶಾಸ್ತ್ರಜ್ಞರಾದರು.