ಹೊಸ ಕ್ರೀಡಾಂಗಣಕ್ಕೇಕೆ ಹಳೆಯ ವೇಷ?

ಮೈಸೂರಿನಿಂದ ಬಂದಿರುವ ಚಿಕ್ಕಪ್ಪನನ್ನು ಕಳೆದ ಭಾನುವಾರ ಇಲ್ಲಿ ಅಮೆರಿಕದಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಕೆಂಪು ಇಟ್ಟಿಗೆಯ ಕಮಾನುಗಳು, ಕಡುಹಸಿರು ಬಣ್ಣದ ಉಕ್ಕಿನ ತೊಲೆಗಳು, ಗೋಪುರದಲ್ಲೊಂದು ದೊಡ್ಡ ಮುಳ್ಳಿನ ಗಡಿಯಾರ. "ನೂರು ವರ್ಷ ಹಳೆಯದಿರಬೇಕಲ್ಲವೇನಮ್ಮಾ?" ಎಂದರು. ಇಪ್ಪತ್ತು ವರ್ಷವೂ ಆಗಿಲ್ಲ ಎಂದೆ. ಲೋಕೋಪಯೋಗಿ ಇಲಾಖೆಯಲ್ಲಿ ಜೀವಮಾನವಿಡೀ ದುಡಿದವರು ಅವರು. ಗೋಡೆಯ ಮೇಲೆ ಬೆರಳಿನಿಂದ ತಟ್ಟಿ, ಮೂಲೆಯ ಸಂದಿಯನ್ನು ಬಗ್ಗಿ ನೋಡಿ, "ಇದು ಭಾರ ಹೊರುವ ಗೋಡೆಯೇ ಅಲ್ಲ, ಬರೀ ಹೊದಿಕೆ. ಇಷ್ಟು ದುಡ್ಡಿರುವ ದೇಶ, ಹೊಸದನ್ನು ಹೊಸದರಂತೆ ಕಟ್ಟಬಾರದೇ?" ಎಂದು ಕೇಳಿದರು.

ಆ ಪ್ರಶ್ನೆ ನನ್ನದೂ ಹೌದು. ಸ್ಟ್ರಕ್ಚರಲ್ ಎಂಜಿನಿಯರ್ ಆಗಿ, ಬೇಸ್‌ಬಾಲ್ ಹುಚ್ಚು ಹಿಡಿಸಿಕೊಂಡವಳಾಗಿ ಇದು ನನ್ನನ್ನು ಎಷ್ಟು ಕಾಲದಿಂದ ಕೊರೆಯುತ್ತಿದೆಯೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಈ ದೇಶದ ಬೇಸ್‌ಬಾಲ್ ಕ್ರೀಡಾಂಗಣಗಳು ತಮ್ಮ ಕಾಲದಲ್ಲಿ ಹುಟ್ಟಿದ್ದಕ್ಕೆ ಏಕೆ ನಾಚಿಕೊಳ್ಳುತ್ತಿವೆ?

ಇದೆಲ್ಲ ಶುರುವಾದದ್ದು ಒಂದು ಒಳ್ಳೆಯ ಕಟ್ಟಡದಿಂದ ಎಂಬುದೇ ನನ್ನ ಸಂಕಟ. 1992ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಕ್ಯಾಮ್ಡನ್ ಯಾರ್ಡ್ಸ್ ಎಂಬ ಬೇಸ್‌ಬಾಲ್ ಕ್ರೀಡಾಂಗಣ ತೆರೆಯಿತು. ಅದಕ್ಕೆ ಮುಂಚಿನ ಕಾಲು ಶತಮಾನದಲ್ಲಿ ಅಮೆರಿಕದ ನಗರಗಳು ಕಟ್ಟಿಸಿದ್ದು ದುಂಡನೆಯ ಕಾಂಕ್ರೀಟ್ ಬಟ್ಟಲುಗಳನ್ನು: ಸೇಂಟ್ ಲೂಯಿಸ್‌ನಲ್ಲಿ 1966ರಲ್ಲಿ, ಪಿಟ್ಸ್‌ಬರ್ಗ್ ಮತ್ತು ಸಿನ್ಸಿನಾಟಿಗಳಲ್ಲಿ 1970ರಲ್ಲಿ, ಫಿಲಡೆಲ್ಫಿಯಾದಲ್ಲಿ 1971ರಲ್ಲಿ. ಒಂದೇ ಬಟ್ಟಲಿನಲ್ಲಿ ಬೇಸ್‌ಬಾಲೂ ಆಗಬೇಕು, ಅಮೆರಿಕನ್ ಫುಟ್‌ಬಾಲೂ ಆಗಬೇಕು ಎಂಬ ಲೆಕ್ಕ. ಎರಡಕ್ಕೂ ಅದು ಒಗ್ಗಲಿಲ್ಲ. ಕೃತಕ ಹುಲ್ಲಿನ ಮೇಲೆ ನಿಂತು ಸುತ್ತ ನೋಡಿದರೆ ಯಾವ ಊರಿನಲ್ಲಿದ್ದೇವೆಂದು ಆಟಗಾರನಿಗೇ ತಿಳಿಯುವಂತಿರಲಿಲ್ಲ. ಅವುಗಳನ್ನು ಕೆಡವಿದಾಗ ನಾನೇನೂ ಅಳಲಿಲ್ಲ.

ಬಾಲ್ಟಿಮೋರ್‌ನವರು ಮಾಡಿದ್ದೇನು? ಅಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆಯ ಗೋದಾಮೊಂದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿ ಮುಗಿಸಿದ, ಸಾವಿರ ಅಡಿಗೂ ಹೆಚ್ಚು ಉದ್ದದ, ಕೇವಲ 51 ಅಡಿ ಅಗಲದ ನಿಜವಾದ ಇಟ್ಟಿಗೆಯ ಕಟ್ಟಡ. ಅದನ್ನು ಕೆಡವದೆ ಉಳಿಸಿಕೊಂಡರು. ಗೋದಾಮಿಗೂ ಮೈದಾನಕ್ಕೂ ನಡುವಿನ ಯೂಟಾ ಬೀದಿಯನ್ನು ಜನ ಓಡಾಡುವ ಹಾದಿ ಮಾಡಿದರು. ತಂಡದ ಪರವಾಗಿ ವಿನ್ಯಾಸದ ಹೊಣೆ ಹೊತ್ತಿದ್ದ ಜಾನೆಟ್ ಮೇರಿ ಸ್ಮಿತ್ ಎಂಬ ವಾಸ್ತುಶಿಲ್ಪಿಯ ಬಗ್ಗೆ ನನಗಿರುವ ಗೌರವ ದೊಡ್ಡದು. ಅಲ್ಲಿ ಇಟ್ಟಿಗೆ ಬಂದದ್ದು ಪಕ್ಕದಲ್ಲೇ ಇಟ್ಟಿಗೆ ಇತ್ತು ಎಂಬ ಕಾರಣಕ್ಕೆ. ಮೈದಾನದ ಬಲ ಅಂಚು ಕಿರಿದಾದದ್ದು ಅಲ್ಲಿ ಬೀದಿಯೂ ಗೋದಾಮೂ ಇದ್ದವು ಎಂಬ ಕಾರಣಕ್ಕೆ.

ಉಳಿದ ನಗರಗಳು ಇದರಿಂದ ಇಟ್ಟಿಗೆಯನ್ನು ಕಲಿತವು, ಕಾರಣವನ್ನು ಕಲಿಯಲಿಲ್ಲ.

ಎರಡೇ ವರ್ಷದಲ್ಲಿ, 1994ರಲ್ಲಿ, ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಇಟ್ಟಿಗೆಯ ಕಮಾನುಗಳ ಇನ್ನೊಂದು ಕ್ರೀಡಾಂಗಣ ಎದ್ದಿತು. ಸುತ್ತಲೂ ಗೋದಾಮಿರಲಿಲ್ಲ, ಹಳೆಯ ಬೀದಿಯಿರಲಿಲ್ಲ, ಕಣ್ಣು ಹಾಯುವವರೆಗೆ ಕಾರು ನಿಲ್ಲಿಸುವ ಬಯಲು. ಬಲಗಡೆ ಡೆಟ್ರಾಯಿಟ್‌ನ ಹಳೆಯ ಟೈಗರ್ ಸ್ಟೇಡಿಯಂ ನೆನಪಿಸುವ ಚಾವಣಿಯ ಮೊಗಸಾಲೆ, ಮೇಲೆ ಯಾಂಕೀ ಸ್ಟೇಡಿಯಂ ನೆನಪಿಸುವ ಬಿಳಿಯ ಉಕ್ಕಿನ ಅಂಚು. ಟೆಕ್ಸಸ್‌ನ ನೆಲಕ್ಕೆ ಟೆಕ್ಸಸ್‌ನದೇ ಆದ ಮಾತು ಸಾಲದೆನಿಸಿತೇ? ಅಲ್ಲಿನ ಬೇಸಿಗೆ ಸುಡುತ್ತದೆ. ನೆರಳನ್ನು ಮೊದಲು ಯೋಚಿಸಬೇಕಿತ್ತು, ಮುಖವನ್ನು ಯೋಚಿಸಿದರು. ಇಪ್ಪತ್ತಾರು ಋತುಗಳ ನಂತರ ತಂಡ ಅದನ್ನು ಬಿಟ್ಟು, ಹತ್ತಿರದಲ್ಲೇ ಮುಚ್ಚಿ ತೆರೆಯಬಹುದಾದ ಚಾವಣಿ ಮತ್ತು ಹವಾನಿಯಂತ್ರಣವಿರುವ ಹೊಸ ಕ್ರೀಡಾಂಗಣಕ್ಕೆ 2020ರಲ್ಲಿ ಹೊರಟುಹೋಯಿತು. ನೂರು ವರ್ಷ ಹಳೆಯದರಂತೆ ಕಾಣಲೆಂದು ಕಟ್ಟಿದ್ದು ಮೂವತ್ತು ವರ್ಷವೂ ಬೇಸ್‌ಬಾಲ್ ಕಾಣಲಿಲ್ಲ. ಅಟ್ಲಾಂಟದಲ್ಲಿ 1996ರ ಒಲಿಂಪಿಕ್ಸ್ ಕ್ರೀಡಾಂಗಣವನ್ನೇ ಬದಲಾಯಿಸಿ ಮಾಡಿಕೊಂಡ ಟರ್ನರ್ ಫೀಲ್ಡ್ ಬೇಸ್‌ಬಾಲ್ ಕಂಡದ್ದು ಇಪ್ಪತ್ತೇ ಋತು.

ಹಳೆಯ ಮೈದಾನಗಳ ವಕ್ರತೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಕ್ರಿಕೆಟ್ ನೋಡಿ ಬೆಳೆದ ನಮಗೆ ಬೌಂಡರಿ ಎಂದರೆ ಹಗ್ಗ, ಬೇಕಾದಾಗ ಒಳಗೆ ಹೊರಗೆ ಎಳೆಯಬಹುದು. ಬೇಸ್‌ಬಾಲ್‌ನಲ್ಲಿ ಅಂಚೆಂದರೆ ಗೋಡೆ. 1912ರಲ್ಲಿ ತೆರೆದ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಎಡಬದಿಯ ಗೋಡೆ ಬ್ಯಾಟ್ ಬೀಸುವವನು ನಿಲ್ಲುವ ಹೋಮ್ ಪ್ಲೇಟಿನಿಂದ ಕೇವಲ 310 ಅಡಿ ದೂರದಲ್ಲಿದೆ, ಏಕೆಂದರೆ ಅದರ ಬೆನ್ನಿಗೇ ಲ್ಯಾನ್ಸ್‌ಡೌನ್ ಬೀದಿ. ಹಿಂದಕ್ಕೆ ಸರಿಯಲು ಜಾಗವಿಲ್ಲದ್ದಕ್ಕೆ ಗೋಡೆ ಮೇಲಕ್ಕೆ ಬೆಳೆಯಿತು, 37 ಅಡಿ. ಅಲ್ಲಿನ ಆಟದ ಲಯವೇ ಆ ಗೋಡೆಯಿಂದ ರೂಪುಗೊಂಡಿದೆ. ಬೇರೆ ಕಡೆ ಸುಲಭದ ಕ್ಯಾಚ್ ಆಗುವ ಚೆಂಡು ಅಲ್ಲಿ ಗೋಡೆಗೆ ಬಡಿದು ಹಿಂದಿರುಗುತ್ತದೆ, ಎಡಬದಿಯ ಫೀಲ್ಡರ್ ಆ ಪುಟಿತವನ್ನು ವರ್ಷಗಟ್ಟಲೆ ಕಲಿಯುತ್ತಾನೆ. 1958ರ ನಿಯಮ ಬಂದ ಮೇಲೆ ಹೊಸ ಮೈದಾನಗಳಲ್ಲಿ ಎರಡೂ ಅಂಚುಗಳಿಗೆ ಕನಿಷ್ಠ 325 ಅಡಿ, ಮಧ್ಯಕ್ಕೆ 400 ಅಡಿ ಇರಬೇಕೆಂದಾಯಿತು. ಹಲವು ಕ್ರೀಡಾಂಗಣಗಳಿಗೆ ವಿನಾಯಿತಿ ಸಿಕ್ಕಿದೆ, ಆ ಮಾತು ಬೇರೆ.

ಈಗ ಹೂಸ್ಟನ್‌ಗೆ ಬನ್ನಿ. 2000ದಲ್ಲಿ ತೆರೆದ ಅಲ್ಲಿನ ಕ್ರೀಡಾಂಗಣದಲ್ಲಿ, ಹೋಮ್ ಪ್ಲೇಟಿನಿಂದ 436 ಅಡಿ ದೂರದ ಮಧ್ಯಭಾಗದಲ್ಲಿ, ಒಂದು ಹುಲ್ಲಿನ ದಿಬ್ಬ ಮಾಡಿದರು. ಅದರ ಮೇಲೆ ಆಟದ ಒಳಗೇ ಒಂದು ಧ್ವಜಸ್ತಂಭ! ಸಿನ್ಸಿನಾಟಿಯ ಹಳೆಯ ಕ್ರಾಸ್ಲಿ ಫೀಲ್ಡ್‌ನ ಅಂಚಿನಲ್ಲಿ ನೆಲ ಮೇಲೇರುತ್ತಿತ್ತು, ಏಕೆಂದರೆ ಅಲ್ಲಿ ಬೀದಿಯ ಮಟ್ಟ ಮೈದಾನಕ್ಕಿಂತ ಎತ್ತರದಲ್ಲಿತ್ತು. ಹೂಸ್ಟನ್‌ನಲ್ಲಿ ಅಂಥ ಯಾವ ಏರುಪೇರೂ ಇರಲಿಲ್ಲ. ಮಣ್ಣು ಸುರಿದು ಏರು ಮಾಡಿದರು. ತಲೆಯೆತ್ತಿ ಚೆಂಡನ್ನೇ ನೋಡುತ್ತಾ ಹಿಂದಕ್ಕೆ ಓಡುವ ಫೀಲ್ಡರ್‌ನ ಕಾಲು ಮುರಿದರೆ? 2016ರ ಋತು ಮುಗಿದ ಮೇಲೆ ಅದನ್ನು ಅಗೆದು ಸಮ ಮಾಡಿದರು. ಆ ದಿನ ನಾನು ಮನಃಪೂರ್ವಕವಾಗಿ ಸಂತೋಷಪಟ್ಟಿದ್ದೇನೆ.

ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ಸಿಟಿ ಫೀಲ್ಡ್ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. 2009ರಲ್ಲಿ ತೆರೆದ ಅದರ ಮುಖ ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್‌ನ ಪ್ರತಿರೂಪ. ಎಬೆಟ್ಸ್ ಫೀಲ್ಡ್ ಡಾಡ್ಜರ್ಸ್ ತಂಡದ ಮನೆ. ತಂಡ 1957ರ ನಂತರ ಲಾಸ್ ಏಂಜಲಿಸ್‌ಗೆ ಹೋಯಿತು, 1960ರಲ್ಲಿ ಕಟ್ಟಡವನ್ನು ಕೆಡವಿ ಅಲ್ಲಿ ಮನೆಗಳನ್ನು ಕಟ್ಟಿದರು. ಸಿಟಿ ಫೀಲ್ಡ್‌ನಲ್ಲಿ ಆಡುವ ಮೆಟ್ಸ್ ತಂಡ ಹುಟ್ಟಿದ್ದೇ 1962ರಲ್ಲಿ. ಅದರ ಪ್ರವೇಶ ಸಭಾಂಗಣಕ್ಕೆ ಡಾಡ್ಜರ್ಸ್ ತಂಡದ ಕಪ್ಪುವರ್ಣೀಯ ಆಟಗಾರ ಜಾಕಿ ರಾಬಿನ್‌ಸನ್ ಹೆಸರಿಟ್ಟಿದ್ದಾರೆ. 1947ರಲ್ಲಿ ವರ್ಣಭೇದದ ಗೋಡೆಯನ್ನು ಒಡೆದು ಆಡಲಿಳಿದ ಆ ಮನುಷ್ಯನಿಗೆ ಎಲ್ಲಿ ಎಷ್ಟು ಗೌರವ ಸಲ್ಲಿಸಿದರೂ ಕಡಿಮೆಯೇ. ಆದರೆ ಕೆಡವಿ ಹಾಕಿದ ಕಟ್ಟಡದ ಮುಖವನ್ನು ಇನ್ನೊಂದು ಬಡಾವಣೆಯಲ್ಲಿ, ಇನ್ನೊಂದು ತಂಡಕ್ಕೆ ತೊಡಿಸಿದರೆ ಬ್ರೂಕ್ಲಿನ್ ಕಳೆದುಕೊಂಡದ್ದು ಯಾರಿಗೆ ಮರಳಿ ಬಂತು?

ನಮ್ಮ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದ ಮೇಲೆ, ಕೆಡವಿ ಅದೇ ರೂಪದಲ್ಲಿ ಹೊಸದು ಕಟ್ಟಿದರೆ ಸಾಕು ಎಂದವರ ಜೊತೆ ನಾನು ಇದೇ ಜಾಲತಾಣದ ಗೋಡೆಯಲ್ಲಿ ಜಗಳವಾಡಿದ್ದು ಕೆಲವರಿಗೆ ನೆನಪಿರಬಹುದು. ಇದ್ದದ್ದನ್ನು ಹೊತ್ತಿಗೆ ಸರಿಯಾಗಿ ದುರಸ್ತಿ ಮಾಡುವ ಶ್ರಮ ಬೇಡ, ಕೆಡವಿದ ಮೇಲೆ ಅದರ ಚಿತ್ರ ಮಾತ್ರ ಬೇಕು ಎಂಬ ಬುದ್ಧಿ ಎಲ್ಲಿದ್ದರೂ ನನಗೆ ಸಿಟ್ಟು ಬರುತ್ತದೆ.

ಇದಕ್ಕೊಂದು ಉತ್ತರ ಸಿದ್ಧವಾಗಿದೆ, ಅದನ್ನು ನನ್ನ ಕಚೇರಿಯ ಗೆಳೆಯರೇ ಕೊಡುತ್ತಾರೆ. 1909ರಲ್ಲಿ ಫಿಲಡೆಲ್ಫಿಯಾದ ಶೈಬ್ ಪಾರ್ಕನ್ನು ಉಕ್ಕು ಮತ್ತು ಕಾಂಕ್ರೀಟಿನಲ್ಲಿ ಕಟ್ಟಿ, ಹೊರಗೆ ಫ್ರೆಂಚ್ ಅರಮನೆಯ ಅಲಂಕಾರ ಮಾಡಲಿಲ್ಲವೇ? ಹಳಬರೂ ವೇಷ ಹಾಕಿದ್ದವರೇ ಅಲ್ಲವೇ? ಹೌದು, ಹಾಕಿದ್ದರು. ಆದರೆ ಅದು ಅವರ ಕಾಲದ ಬ್ಯಾಂಕು, ರೈಲು ನಿಲ್ದಾಣ, ಗ್ರಂಥಾಲಯಗಳೆಲ್ಲ ಹಾಕುತ್ತಿದ್ದ ವೇಷ. ಊರಿನ ದೊಡ್ಡ ಕಟ್ಟಡಗಳ ಸಾಲಿನಲ್ಲಿ ಈ ಆಟಕ್ಕೂ ಒಂದು ಜಾಗವಿದೆ ಎಂದು ಸಾರಿದ ವೇಷ. ಇಂದಿನ ಯಾವ ಆಸ್ಪತ್ರೆ, ಯಾವ ವಿಮಾನ ನಿಲ್ದಾಣ 1910ರ ಮುಖ ಹೊತ್ತುಕೊಂಡು ನಿಲ್ಲುತ್ತದೆ? ಜನರಿಗೆ ಇಟ್ಟಿಗೆಯೇ ಇಷ್ಟ ಎನ್ನುವವರಿಗೂ ನನ್ನದೊಂದು ಪ್ರಶ್ನೆ: ಜನರಿಗೆ ಬೇರೆ ಏನನ್ನು ತೋರಿಸಿದ್ದೀರಿ?

ಇಟ್ಟಿಗೆಯ ಹಿಂದೆ ಏನು ನಡೆದಿದೆ ಎಂಬುದು ನನ್ನ ವೃತ್ತಿಯ ಸಂಗತಿ, ಹಾಗಾಗಿ ಸಿಟ್ಟೂ ಹೆಚ್ಚು. ಹಳೆಯ ಕ್ರೀಡಾಂಗಣಗಳಲ್ಲಿ ಮೇಲಂತಸ್ತನ್ನು ಹೊರಲು ಪ್ರೇಕ್ಷಕರ ನಡುವೆಯೇ ಕಂಬಗಳಿರುತ್ತಿದ್ದವು. ಕಂಬದ ಹಿಂದೆ ಕುಳಿತ ಕೆಲವರಿಗೆ ಆಟ ಸರಿಯಾಗಿ ಕಾಣುತ್ತಿರಲಿಲ್ಲ, ನಿಜ. ಆದರೆ ಆ ಕಂಬಗಳಿಂದಾಗಿಯೇ ಮೇಲಂತಸ್ತು ಮೈದಾನದ ಮೇಲೆ ಬಾಗಿದಂತೆ ಹತ್ತಿರವಿರುತ್ತಿತ್ತು, ಅಗ್ಗದ ಟಿಕೆಟ್ಟಿನವನಿಗೂ ಚೆಂಡೆಸೆಯುವ ಪಿಚರ್‌ನ ಮುಖ ಕಾಣುತ್ತಿತ್ತು. ಕಂಬ ತೆಗೆದರೆ ಮೇಲಂತಸ್ತು ಹಿಂದಕ್ಕೆ ಸರಿಯಲೇಬೇಕು. ಅದರ ಕೆಳಗೆ ಕಂಪನಿಗಳು ಕೊಳ್ಳುವ ಐಷಾರಾಮಿ ಕೋಣೆಗಳ ಸಾಲುಗಳನ್ನು ತೂರಿಸಿದರೆ ಮೇಲಕ್ಕೂ ಏರಬೇಕು. 1991ರಲ್ಲಿ ಷಿಕಾಗೋದಲ್ಲಿ ತೆರೆದ ಹೊಸ ಕಾಮಿಸ್ಕಿ ಪಾರ್ಕ್‌ನಲ್ಲಿ ಮೇಲಂತಸ್ತಿನ ಮೊದಲ ಸಾಲು, ಹಳೆಯ ಕಾಮಿಸ್ಕಿಯ ಮೇಲಂತಸ್ತಿನ ಕೊನೆಯ ಸಾಲಿನಷ್ಟು ದೂರವಿತ್ತು. ಏರು ಎಷ್ಟು ಕಡಿದಾಗಿತ್ತೆಂದರೆ ಹನ್ನೆರಡು ಹದಿಮೂರು ವರ್ಷಗಳ ನಂತರ ತುದಿಯ ಸಾಲುಗಳನ್ನೇ ಕತ್ತರಿಸಿ ತೆಗೆದರು. ನಂತರ ಬಂದ ಇಟ್ಟಿಗೆಯ ಕ್ರೀಡಾಂಗಣಗಳಲ್ಲಿ ಬಹುಪಾಲು ಇದೇ ಅಸ್ಥಿಪಂಜರವನ್ನು ಉಳಿಸಿಕೊಂಡವು. ಹಳೆಯ ಮೈದಾನಗಳಿಂದ ತರಬೇಕಾದದ್ದು ಈ ಸಾಮೀಪ್ಯ. ಅದನ್ನು ಬಿಟ್ಟು ಬಣ್ಣ, ಕಮಾನು, ಗಡಿಯಾರ ತಂದರು. ಭಾನುವಾರ ಎಪ್ಪತ್ತು ದಾಟಿದ ಚಿಕ್ಕಪ್ಪ ಮೇಲಿನ ಆ ಕಡಿದಾದ ಮೆಟ್ಟಿಲುಗಳನ್ನು ಪಕ್ಕದ ಕಂಬಿ ಹಿಡಿದು ಹತ್ತುವುದನ್ನು ನೋಡುತ್ತಾ ನನಗೆ ಹೊಟ್ಟೆ ಉರಿಯಿತು.

ತಮ್ಮ ಕಾಲದ ಮುಖವನ್ನೇ ಹೊತ್ತು ನಿಂತವುಗಳೂ ಇವೆಯಲ್ಲ! 1962ರ ಡಾಡ್ಜರ್ ಸ್ಟೇಡಿಯಂ ನೋಡಿ. ಗುಡ್ಡವನ್ನು ಕೊರೆದು ಕೂರಿಸಿದ್ದಾರೆ, ಹೊರಗಿನ ಇಳಿಜಾರಿನಿಂದ ಬೇರೆ ಬೇರೆ ಅಂತಸ್ತುಗಳಿಗೆ ನೇರವಾಗಿ ಪ್ರವೇಶಿಸಬಹುದು. ಔಟ್‌ಫೀಲ್ಡ್ ಮೇಲಿನ ಮಡಿಕೆ ಮಡಿಕೆಯ ಚಾವಣಿ, ಅದರಾಚೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು. 1962ರ ಕ್ಯಾಲಿಫೋರ್ನಿಯಾ ಹೇಗಿತ್ತೋ ಹಾಗೇ ಇದೆ ಅದು. ಆ ಗುಡ್ಡದ ಮೇಲೆ ಬಾಳುತ್ತಿದ್ದ ಮೆಕ್ಸಿಕನ್ ಅಮೆರಿಕನ್ ಕುಟುಂಬಗಳನ್ನು ಒಕ್ಕಲೆಬ್ಬಿಸಿದ ಕಥೆಯನ್ನು ಬದಿಗಿಟ್ಟು ಈ ಚೆಲುವನ್ನು ಹೊಗಳಲು ನನ್ನಿಂದಾಗದು, ಕೊನೆಯ ಕೆಲವರನ್ನು 1959ರಲ್ಲಿ ಎತ್ತಿ ಹೊರಹಾಕಿದರು. ಮಿನ್ನಿಯಾಪೊಲಿಸ್‌ನ ಟಾರ್ಗೆಟ್ ಫೀಲ್ಡ್ 2010ರದ್ದು. ರೈಲು ಹಳಿಗೂ ಹೆದ್ದಾರಿಗೂ ನಡುವಿನ ಇಕ್ಕಟ್ಟಿನ ಜಾಗದಲ್ಲಿ, ಅದೇ ರಾಜ್ಯದ ಜೇನುಬಣ್ಣದ ಸುಣ್ಣಕಲ್ಲಿನಲ್ಲಿ, ಗಾಜು ಉಕ್ಕುಗಳನ್ನು ಮರೆಮಾಡದೆ ಕಟ್ಟಿದ್ದಾರೆ. ಮಯಾಮಿಯ 2012ರ ಬಿಳಿಯ ಕ್ರೀಡಾಂಗಣವನ್ನು ಹಲವರು ಹಾರುವ ತಟ್ಟೆಯೆಂದು ಹಳಿದರು. ಅದಕ್ಕೆ ಸುರಿದ ಸಾರ್ವಜನಿಕ ಹಣದ ಬಗ್ಗೆ ನನಗೂ ಕೋಪವಿದೆ, ರೂಪದ ಬಗ್ಗೆ ಇಲ್ಲ. ಮಯಾಮಿಗೆ ಬಾಸ್ಟನ್‌ನ ಇಟ್ಟಿಗೆ ಏಕೆ ಬೇಕು?

ಎಲ್ಲಕ್ಕಿಂತ ನನಗಿಷ್ಟವಾದದ್ದು ಪಿಟ್ಸ್‌ಬರ್ಗ್‌ನ ಪಿಎನ್‌ಸಿ ಪಾರ್ಕ್, 2001ರದ್ದು. ಅದರ ಸುಣ್ಣಕಲ್ಲೂ ಮಿನ್ನೆಸೋಟದಿಂದಲೇ ಬಂದದ್ದು, ಆದರೂ ಕ್ಷಮಿಸುತ್ತೇನೆ, ಏಕೆಂದರೆ ಅಲ್ಲಿ ಎರಡೇ ಅಂತಸ್ತು. 1953ರ ನಂತರ ಈ ದೇಶದ ದೊಡ್ಡ ಲೀಗ್‌ಗೆಂದು ಯಾರೂ ಎರಡೇ ಅಂತಸ್ತಿನದನ್ನು ಕಟ್ಟಿರಲಿಲ್ಲ. ಹಾಗಾಗಿ ಮೇಲೆ ಕುಳಿತವರೂ ಆಟದ ಒಳಗೇ ಇರುತ್ತಾರೆ. ಎದುರಿಗೆ ಅಲೆಗೆನಿ ನದಿ, ರಾಬರ್ಟೊ ಕ್ಲೆಮೆಂಟೆ ಹೆಸರಿನ ಹಳದಿ ಸೇತುವೆ, ಅದರಾಚೆ ನಗರದ ಗೋಪುರಗಳು. ಊರನ್ನು ಗೋಡೆಯ ಮೇಲೆ ನಕಲು ಮಾಡುವ ಬದಲು ಗೋಡೆಯನ್ನೇ ತಗ್ಗಿಸಿ ಊರನ್ನು ಒಳಗೆ ಬಿಟ್ಟುಕೊಂಡಿದ್ದಾರೆ. ವೆಂಕಟೇಶ್ವರ ದೇವಸ್ಥಾನಕ್ಕೆಂದು ನಮ್ಮವರು ದೂರದೂರದಿಂದ ಪಿಟ್ಸ್‌ಬರ್ಗ್‌ಗೆ ಕಾರು ಓಡಿಸಿಕೊಂಡು ಹೋಗುತ್ತೀರಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ ಹೋದರೆ ಸಂಜೆಯ ಪಂದ್ಯವೊಂದಕ್ಕೆ ಹೋಗಿ. ಪಂದ್ಯದ ದಿನ ಆ ಸೇತುವೆಯ ಮೇಲೆ ವಾಹನ ಬಿಡುವುದಿಲ್ಲ, ನದಿಯ ಆಚೆ ಕಾರು ನಿಲ್ಲಿಸಿ ನಡೆದುಕೊಂಡೇ ದಾಟಬಹುದು. ಮೂರನೇ ಬೇಸ್‌ನ ಕಡೆ, ಮೇಲಂತಸ್ತಿನಲ್ಲಿ ಟಿಕೆಟ್ ತೆಗೆದುಕೊಳ್ಳಿ. ಮುಂದಿನ ತಿಂಗಳು ಚಿಕ್ಕಪ್ಪನನ್ನು ನಾನು ಕರೆದೊಯ್ಯುತ್ತಿರುವುದು ಅಲ್ಲಿಗೇ. ಜೊತೆಗೆ ಬರುವವರು ಈ ವಾರದೊಳಗೆ ತಿಳಿಸಿ.